ಕೇರಿಯ ಬಿಂದು, ಅಗ್ರಹಾರದ ಫೆಲೋಶಿಪ್ಪು

ಮೆಣಸಿನಕಾಯಿ ತೊಟ್ಟು ಬಿಡಿಸುವವಳ ಮಗನಿಗೆ ಗ್ರಾಫ್ ಥಿಯರಿ ಯಾಕ ಬೇಕ್ರಿ?

ಈ ಪ್ರಶ್ನೆಯನ್ನು ಬ್ಯಾಡಗಿ ಪೇಟೆಯ ದಲಾಲಿ ಕೇಳಿದರೆ ನಮಗೆ ಸಿಟ್ಟು ಬರುವುದಿಲ್ಲ. ತೊಟ್ಟು ಬಿಡಿಸುವ ಕೈಗಳು ಪುಸ್ತಕ ಹಿಡಿದರೆ ಅವನ ಗೋದಾಮು ನಿಲ್ಲುತ್ತದೆ. ಅವನ ಸಂಕಟ ಅವನಿಗೆ. ರಾಣೇಬೆನ್ನೂರಿನ ಬೀಜದ ಕಂಪನಿಯ ಏಜೆಂಟ ಕೇಳಿದರೂ ಸರಿಯೇ. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತ ಬಿಸಿಲಲ್ಲಿ ಬಗ್ಗಿ ನಿಂತ ಹೆಣ್ಣುಮಕ್ಕಳ ಬೆರಳ ತುದಿಯ ಮೇಲೆಯೇ ಅವನ ಹೈಬ್ರಿಡ್ ವ್ಯಾಪಾರ ನಿಂತಿದೆ. ಆದರೆ ನಮ್ಮವರೇ, ಏಪ್ರಿಲ್ 14ಕ್ಕೆ ನೀಲಿ ಶಾಲು ಹೊದ್ದು ಒಂದು ತಾಸು ಭಾಷಣ ಹೊಡೆದು, ಕೆಳಗಿಳಿದು ಚಹಾ ಕುಡಿಯುತ್ತ, 'ಏ, ಅದೆಲ್ಲ ನಮ್ಮ ಹುಡುಗ್ರಿಗೆ ಆಗೂ ಮಾತಲ್ಲ ಬಿಡ್ರಿ, ಒಂದು ಬಿ.ಎಡ್. ಮಾಡ್ಸಿ ಎಲ್ಲ್ಯರ ಹಚ್ಚಿ ಬಿಡೂಣು' ಅನ್ನುತ್ತಾರಲ್ಲ, ಈ ಲೇಖನ ಅವರಿಗೆ.

ಗ್ರಾಫ್ ಥಿಯರಿ ಅಂದರೆ ಭೂತವಲ್ಲ. ಬಿಂದುಗಳು, ಬಿಂದುಗಳನ್ನು ಕೂಡಿಸುವ ಗೆರೆಗಳು. ಇಷ್ಟೇ ಅದರ ಬಂಡವಾಳ. 1736ರಲ್ಲಿ ಆಯ್ಲರ್ ಎಂಬಾತ ಒಂದು ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಲೆಕ್ಕ ಬಿಡಿಸಿದಾಗ ಹುಟ್ಟಿದ ಗಣಿತ ಇದು. ಹಳ್ಳಿಯ ಮಾಸ್ತರರು ಸೀಮೆಸುಣ್ಣ ಹಿಡಿದು ಏಳನೇ ಇಯತ್ತೆಯ ಮಕ್ಕಳಿಗೆ ಹೇಳಬಹುದು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಅಂತ ಮೂರು ಬಿಂದು ಇಡಿರಿ. ರೈಲು ಹಳಿ ಹಾವೇರಿಯಿಂದ ಬ್ಯಾಡಗಿಗೆ, ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಹೋಗುತ್ತದೆ. ಎರಡು ಗೆರೆ ಎಳೆಯಿರಿ. ಈಗ ಬ್ಯಾಡಗಿಯ ಬಿಂದುವನ್ನು ಅಳಿಸಿಬಿಡಿ. ಹಾವೇರಿ ಒಂದು ಕಡೆ, ರಾಣೇಬೆನ್ನೂರು ಒಂದು ಕಡೆ, ನಡುವೆ ಏನೂ ಇಲ್ಲ. ತೆಗೆದರೆ ನಕ್ಷೆಯೇ ಹರಿದುಹೋಗುವ ಇಂಥ ಬಿಂದುವಿಗೆ ಗಣಿತದವರು ಕಟ್ ವರ್ಟೆಕ್ಸ್ ಅನ್ನುತ್ತಾರೆ. ಇನ್ನು ಹೆದ್ದಾರಿಯ ಗೆರೆಯನ್ನೂ ಎಳೆಯಿರಿ: ಹಾವೇರಿಯಿಂದ ಮೋಟೆಬೆನ್ನೂರು, ಅಲ್ಲಿಂದ ರಾಣೇಬೆನ್ನೂರು. ಹೆದ್ದಾರಿ ಬ್ಯಾಡಗಿ ಪೇಟೆಯನ್ನು ಮುಟ್ಟದೆ ಹೋಗುತ್ತದೆ. ಈಗ ಬ್ಯಾಡಗಿಯನ್ನು ಅಳಿಸಿದರೂ ನಕ್ಷೆ ಹರಿಯುವುದಿಲ್ಲ. ಎರಡನೇ ದಾರಿ ಹುಟ್ಟಿತು, ಬ್ಯಾಡಗಿಯ ಹಿಡಿತ ಹೋಯಿತು.

ಇದೇ ಸೀಮೆಸುಣ್ಣದಿಂದ ನಿಮ್ಮ ಊರನ್ನು ಬರೆಯಿರಿ. ಮನೆಗೊಂದು ಬಿಂದು. ಯಾರ ಮನೆಯ ನೀರು ಯಾರು ಕುಡಿಯುತ್ತಾರೆ, ಅದಕ್ಕೊಂದು ಬಣ್ಣದ ಗೆರೆ. ಯಾರ ಮನೆಗೆ ಯಾರು ಹೆಣ್ಣು ಕೊಡುತ್ತಾರೆ, ಅದಕ್ಕೆ ಬೇರೆ ಬಣ್ಣ. ಯಾರ ಹೊಲದಲ್ಲಿ ಯಾರು ದುಡಿಯುತ್ತಾರೆ, ಅದಕ್ಕೆ ಮತ್ತೊಂದು. ನೀರಿನ ಬಣ್ಣದಲ್ಲಿ ನೋಡಿದರೆ ಕೇರಿ ಬೇರೆ, ಊರು ಬೇರೆ. ಮದುವೆಯ ಬಣ್ಣದಲ್ಲಿ ನೋಡಿದರೆ ಊರು ಒಂದಲ್ಲ, ಹತ್ತು ತುಂಡು. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25ರ ತರುಣ ಅಂಬೇಡ್ಕರ್ ಓದಿದ ಪ್ರಬಂಧದ ತಿರುಳು ಇದೇ: ಒಳಮದುವೆಯೇ ಜಾತಿಯ ಜೀವ. ಗೆರೆ ಎಲ್ಲಿಲ್ಲ ಎಂಬುದರಲ್ಲಿ ಜಾತಿ ಇದೆ ಅಂತ ಅವರು ಗಣಿತವಿಲ್ಲದೆ ತೋರಿಸಿಕೊಟ್ಟರು. ದುಡಿಮೆಯ ಬಣ್ಣದಲ್ಲಿ ನೋಡಿರಿ, ಆಗ ಮಾತ್ರ ಕೇರಿಗೂ ಊರಿಗೂ ಗೆರೆ ಐತಿ! ಅದೂ ಒಂದೇ ಗೆರೆ. ಒಂದು ಮನೆ, ಒಬ್ಬ ಧಣಿ.

ಇಲ್ಲಿಂದ ಧಾರವಾಡಕ್ಕೆ ಬರೋಣ. ಗ್ರಾಫ್ ಥಿಯರಿಯಲ್ಲಿ ಡಾಮಿನೇಷನ್ ಎಂಬ ಒಂದು ಶಾಖೆಯೇ ಇದೆ. ಪ್ರಾಬಲ್ಯ ಅನ್ನೋಣ. ಕೆಲವು ಬಿಂದುಗಳನ್ನು ಆರಿಸಿಕೊಳ್ಳಬೇಕು; ಉಳಿದ ಪ್ರತಿಯೊಂದು ಬಿಂದುವೂ ಆ ಗುಂಪಿನ ಒಬ್ಬರಿಗಾದರೂ ಗೆರೆಯಿಂದ ಅಂಟಿರಬೇಕು. ಅಂಥ ಅತಿ ಚಿಕ್ಕ ಗುಂಪು ಎಷ್ಟು ದೊಡ್ಡದು? ಇದು ಪ್ರಶ್ನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ 1979ರಲ್ಲಿ ಇದಕ್ಕೆ ಇನ್ನೊಂದು ಷರತ್ತು ಸೇರಿಸಿದರು: ಪ್ರಬಲರ ಗುಂಪಿನವರು ತಮ್ಮತಮ್ಮೊಳಗೂ ಗೆರೆಯಿಂದ ಕೂಡಿಕೊಂಡಿರಬೇಕು. ಕನೆಕ್ಟೆಡ್ ಡಾಮಿನೇಷನ್ ಎಂಬ ಆ ಕಲ್ಪನೆ ಲೋಕವೆಲ್ಲ ಸುತ್ತಿತು. ತಂತಿಯಿಲ್ಲದ ಸಂಪರ್ಕ ಜಾಲಗಳಿಗೆ ಬೆನ್ನೆಲುಬು ಕಟ್ಟುವಾಗ ಇವತ್ತು ಇಂಜಿನಿಯರುಗಳು ಅದನ್ನೇ ಬಳಸುತ್ತಾರೆ. ಗೌಡ, ಕುಲಕರ್ಣಿ, ಸಾಹುಕಾರ, ಸ್ವಾಮಿ ತಮ್ಮೊಳಗೆ ಕೂಡಿಕೊಂಡಿರುತ್ತಾರೆ. ಉಳಿದವರು ಇವರಲ್ಲಿ ಒಬ್ಬರಿಗಾದರೂ ಅಂಟಿಕೊಂಡಿರುತ್ತಾರೆ. ಅಂಟಿಕೊಂಡವರ ನಡುವೆ ಗೆರೆ ಇರಲೇಬೇಕೆಂದಿಲ್ಲ. ನಮ್ಮ ಊರಿನ ಚಿತ್ರ ಇದಕ್ಕಿಂತ ಚೊಕ್ಕಟವಾಗಿ ಯಾವ ಕಾದಂಬರಿಯಲ್ಲಿ ಬಂದಿದೆ?

ಒಂದೇ ಗೆರೆಯಿಂದ ನೇತಾಡುವ ಬಿಂದು ಇದ್ದರೆ, ಆ ಗೆರೆಯ ಇನ್ನೊಂದು ತುದಿಗೆ ಇರುವವನಿಗೆ ಪ್ರಬಲರ ಕೂಡುಗುಂಪಿನಲ್ಲಿ ಜಾಗ ಖಾಯಂ. ಮೂರು ಬಿಂದುಗಳಿಗೆ ಮೇಲ್ಪಟ್ಟ ಯಾವ ಕೂಡಿದ ನಕ್ಷೆಯಲ್ಲೂ ಇದು ನಿಜ. ಅವನ ಯೋಗ್ಯತೆಯಿಂದ ಬಂದ ಜಾಗವಲ್ಲ ಅದು. ನೇತಾಡುವವನಿಗೆ ಬೇರೆ ದಾರಿ ಇಲ್ಲ, ಅದರಿಂದ ಬಂದದ್ದು. ನೇತಾಡುವವನಿಗೆ ಇನ್ನೊಂದು ಗೆರೆ ಸಿಕ್ಕಿತೋ, ಅವನ ಹೆಸರಿನಲ್ಲಿ ಧಣಿಗಿದ್ದ ಆ ಖಾಯಂ ಹಕ್ಕು ಬಿತ್ತು. ಇನ್ನು ಯಾವ ಗೆರೆಯೂ ಇಲ್ಲದ ಒಂಟಿ ಬಿಂದು ಇದ್ದರೆ? ಆಗ ಕೂಡಿದ ಪ್ರಾಬಲ್ಯದ ಲೆಕ್ಕವೇ ನಿಲ್ಲುವುದಿಲ್ಲ, ಆ ನಕ್ಷೆಗೆ ಅಂಥ ಸಂಖ್ಯೆಯೇ ಇಲ್ಲ. ಬರೀ ಪ್ರಾಬಲ್ಯದ ಲೆಕ್ಕವಾದರೆ ಒಂಟಿ ಬಿಂದುವನ್ನು ಪ್ರತಿ ಗುಂಪಿನಲ್ಲೂ ಸೇರಿಸಲೇಬೇಕು. ಗಣಿತ ಯಾರನ್ನೂ ಊರಾಚೆ ಇಟ್ಟು ಮರೆಯುವುದಿಲ್ಲ. ಮರೆಯುವುದು ಪುರಸಭೆ. ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಾವೂ ಇದ್ದೇವೆ ಅಂತ ತೋರಿಸಲು.

1979 ಎಂದೆನಲ್ಲ. ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೂ ಅದೇ ವರ್ಷ. ಧಾರವಾಡದಲ್ಲಿ ಪ್ರಾಬಲ್ಯದ ಲೆಕ್ಕ ನಡೆದಿತ್ತು, ಇಲ್ಲಿ ಪ್ರಾಬಲ್ಯದ ವಿರುದ್ಧ ಕವಿತೆ ನಡೆದಿತ್ತು. ನಡುವೆ ಗೆರೆ ಎಳೆಯುವವರು ಹುಟ್ಟಲಿಲ್ಲ.

ಕಲಬುರಗಿಯಲ್ಲಿ ವಿ.ಆರ್. ಕುಲ್ಲಿ ಇದೇ ಶಾಸ್ತ್ರವನ್ನು ಬೆಳೆಸಿದರು. ಪ್ರಾಬಲ್ಯದ ಮೇಲಿನ ಅವರ ಪುಸ್ತಕ ಕಲಬುರಗಿಯಲ್ಲೇ ಅಚ್ಚಾಯಿತು. ಅಂದರೆ ಈ ವಿದ್ಯೆ ಕೇಂಬ್ರಿಜ್‌ನಿಂದ ಹಡಗಿನಲ್ಲಿ ಬರಬೇಕಾಗಿಲ್ಲ, ಹಾವೇರಿಯಿಂದ ರೈಲು ಹತ್ತಿದರೆ ಧಾರವಾಡ ಎರಡು-ಮೂರು ತಾಸು. ಪ್ರಯೋಗಾಲಯ ಬೇಡ, ಆಮ್ಲ ಬೇಡ, ಕೋಟಿ ರೂಪಾಯಿಯ ಯಂತ್ರ ಬೇಡ. ಪಾಟಿ-ಬಳಪದಿಂದ ಶುರು ಮಾಡಬಹುದು. ಹತ್ತಿಪ್ಪತ್ತು ಬಿಂದುವಿಗೆ ಕೈಲೆಕ್ಕ ಸಾಕು. ಸಾವಿರ ಬಿಂದು ಬಂದಾಗ ಕಂಪ್ಯೂಟರು ಬೇಕು. ಎಷ್ಟೇ ದೊಡ್ಡ ಕಂಪ್ಯೂಟರು ತಂದರೂ ಅತಿ ಚಿಕ್ಕ ಪ್ರಬಲ ಗುಂಪನ್ನು ಎಲ್ಲ ನಕ್ಷೆಗಳಲ್ಲೂ ಚುರುಕಾಗಿ ಹುಡುಕುವ ದಾರಿ ಜಗತ್ತಿನಲ್ಲಿ ಯಾರಿಗೂ ಈವರೆಗೆ ಸಿಕ್ಕಿಲ್ಲ. ನಮ್ಮ ಹುಡುಗಿಯೊಬ್ಬಳಿಗೆ ಅದರ ಒಂದು ಮೂಲೆ ಸಿಗಬಾರದೇನು? ಹಾಗಾದರೆ 'ಸೌಕರ್ಯ ಇಲ್ಲ' ಎಂಬ ಸರಕಾರದ ಸಬೂಬು ಈ ವಿಷಯದಲ್ಲಿ ನಡೆಯುವುದಿಲ್ಲ. ಆದರೂ ನಮ್ಮ ಮಕ್ಕಳು ಅಲ್ಲಿ ಯಾಕಿಲ್ಲ?

ಗೆಳೆಯರೇ, ಇಲ್ಲಿ ಒಂದು ಹುನ್ನಾರ ಇದೆ, ಅದನ್ನು ಬಿಡಿಸಿ ನೋಡಬೇಕು. ವಿಜ್ಞಾನದಲ್ಲಿ ಪಿಎಚ್.ಡಿ. ಆದರೆ ಮುಗಿಯಲಿಲ್ಲ. ಅದಾದ ಮೇಲೆ ಎರಡು-ಮೂರು ವರ್ಷ ಯಾವುದಾದರೂ ದೊಡ್ಡ ಸಂಸ್ಥೆಯಲ್ಲಿ, ಪಾಠದ ಹೊರೆಯಿಲ್ಲದೆ, ತಿಂಗಳ ಹಣ ಪಡೆದು ಸಂಶೋಧನೆ ಮಾಡಬೇಕು. ಅದಕ್ಕೆ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಅನ್ನುತ್ತಾರೆ, ಬಾಯಿಮಾತಿಗೆ ಪೋಸ್ಟ್‌ಡಾಕ್. ನಾಳೆ ಪ್ರೊಫೆಸರ್ ಆಗುವವರು, ಇನ್ನೊಬ್ಬರ ಪ್ರಬಂಧ ಒಪ್ಪುವವರು, ತಿರಸ್ಕರಿಸುವವರು, ಎಲ್ಲರನ್ನೂ ಜರಡಿ ಹಿಡಿಯುವುದು ಇಲ್ಲಿ. ಈ ಪೋಸ್ಟ್‌ಡಾಕ್ ನೌಕರಿಯೋ, ಓದೋ? ನೌಕರಿಯಾಗಿದ್ದರೆ ಮೀಸಲಾತಿ ಕೇಳಬಹುದಿತ್ತು. 45 ದಿನ ಮೀರಿದ ತಾತ್ಕಾಲಿಕ ನೇಮಕಾತಿಗೂ ಮೀಸಲಾತಿ ಇರಬೇಕೆಂದು ಕೇಂದ್ರ ಸರಕಾರದ ಆದೇಶವೇ ಇದೆ. 'ಇದು ನೇಮಕಾತಿ ಅಲ್ಲ, ಫೆಲೋಶಿಪ್' ಅನ್ನುತ್ತಾರೆ. ಹಂಗಾರ ಓದು ಅನ್ನೂಣು, ವಿದ್ಯಾರ್ಥಿವೇತನ, ಹಾಸ್ಟೆಲು ಕೊಡ್ರಿ ಅಂದರೆ, 'ಓದು ಮುಗಿದು ಡಾಕ್ಟರೇಟ್ ಆಗಿದೆಯಲ್ಲ' ಅನ್ನುತ್ತಾರೆ. ಅತ್ತ ಹೆಣ್ಣಲ್ಲ ಇತ್ತ ಗಂಡಲ್ಲ ಎಂದು ವರ ಪಡೆದು ಯಾರಿಗೂ ಸಿಗದೆ ಕೂತ ಪುರಾಣದ ರಾಕ್ಷಸರ ಜಾಣತನ ಇದು. ಹಗಲೂ ಅಲ್ಲದ ಇರುಳೂ ಅಲ್ಲದ ಆ ಸಂಜೆಯ ಹೊಸ್ತಿಲಲ್ಲಿ ಮೀಸಲಾತಿ ಸದ್ದಿಲ್ಲದೆ ಸಾಯುತ್ತದೆ. ಯುಜಿಸಿ ಒಂದು ಕಾಲದಲ್ಲಿ ಪರಿಶಿಷ್ಟರಿಗೆಂದೇ ವರ್ಷಕ್ಕೆ 100 ಪೋಸ್ಟ್‌ಡಾಕ್ ಇಟ್ಟಿತ್ತು: ಇಡೀ ದೇಶಕ್ಕೆ, ಎಲ್ಲ ವಿಷಯಕ್ಕೂ ಸೇರಿ. ಹಸಿದ ಊರಿಗೆ ಒಂದು ರೊಟ್ಟಿ.

ಮೇಲಿನ ಮೆಟ್ಟಿಲಿಗೆ ಹೋದರೆ ಮುಚ್ಚುಮರೆಯೂ ಇಲ್ಲ, ಕಾನೂನೇ ಬಾಗಿಲು ಹಾಕಿದೆ. ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಅಧ್ಯಾಪಕರ ಮೀಸಲಾತಿ ಕಾಯಿದೆ 2019ರಲ್ಲಿ ಬಂತು. ಅದರ ಕೊನೆಯ ಪಟ್ಟಿಯಲ್ಲಿ 'ಇವರಿಗೆ ಈ ಕಾಯಿದೆ ಅನ್ವಯಿಸದು' ಎಂದು ಕೆಲವು ಸಂಸ್ಥೆಗಳ ಹೆಸರಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದರಲ್ಲಿದೆ. ಗಣಿತಕ್ಕೂ ಕಂಪ್ಯೂಟರ್ ಸಿದ್ಧಾಂತಕ್ಕೂ ಹೆಸರಾದ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಇದೆ. ನಮ್ಮದೇ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇದೆ. ಜನರ ತೆರಿಗೆ ಬೇಕು, ಜನರು ಬೇಡ.

ಫಲ ಏನಾಯಿತು? ನೇಚರ್ ಪತ್ರಿಕೆ 2023ರ ಜನವರಿಯಲ್ಲಿ ಅಂಕಿ ಅಚ್ಚು ಮಾಡಿತು. ಐದು ದೊಡ್ಡ ಐಐಟಿಗಳಲ್ಲಿ ಪ್ರೊಫೆಸರುಗಳ ಪೈಕಿ ನೂರಕ್ಕೆ 98 ಜನ ಮೇಲ್ಜಾತಿಯವರು. ಪಿಎಚ್.ಡಿ. ಮುಗಿಸಿದ ತರುಣ ವಿಜ್ಞಾನಿಗಳಿಗೆ ಸರಕಾರ ಕೊಡುವ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ಪಿನಲ್ಲಿ 2016ರಿಂದ 2020ರವರೆಗೆ ನೂರಕ್ಕೆ 80 ಮೇಲ್ಜಾತಿಗೆ, 6 ಪರಿಶಿಷ್ಟ ಜಾತಿಗೆ; ಆದಿವಾಸಿಗಳಿಗೆ ಒಂದೂ ತುಂಬಲಿಲ್ಲ. ಅದೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿಎಚ್.ಡಿ. ಪ್ರವೇಶದಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 9, ಪಂಗಡ 2.1, ಹಿಂದುಳಿದವರು 8. ಕಾಯಿದೆ ಹೇಳುವುದು 15, 7.5, 27. ಪಿಎಚ್.ಡಿ.ಯ ಬಾಗಿಲಲ್ಲೇ ಹೀಗೆ ಸೋಸಿದ ಮೇಲೆ ಪೋಸ್ಟ್‌ಡಾಕ್ ಬಾಗಿಲಲ್ಲಿ ನಿಲ್ಲಲು ಯಾರು ಉಳಿಯುತ್ತಾರೆ?

ಪ್ರತಿಭೆ ಅಂತೀರಾ? ಸರಿ, ಪ್ರತಿಭೆಯ ಕಥೆಯನ್ನೂ ಕೇಳಿರಿ. ಪೋಸ್ಟ್‌ಡಾಕ್ ಸಿಗುವುದು ಪರೀಕ್ಷೆಯಿಂದಲ್ಲ, ಓಲೆಯಿಂದ. ಮೊದಲು ಒಬ್ಬ ದೊಡ್ಡವರು 'ಬಾ, ನನ್ನ ಹತ್ತಿರ ಕೆಲಸ ಮಾಡು' ಅನ್ನಬೇಕು. ಆಮೇಲೆ ಎರಡು-ಮೂರು ದೊಡ್ಡವರು 'ಈತ ಯೋಗ್ಯ' ಅಂತ ಪತ್ರ ಬರೆಯಬೇಕು. ಬ್ಯಾಡಗಿಯ ಹುಡುಗಿಗೆ ಯಾರು ಬರೆಯುತ್ತಾರೆ? ಅವಳ ಗೈಡು ಬರೆದರೆ ಆ ಸಹಿಯನ್ನು ಗುರುತಿಸುವವರು ಯಾರು? ಗಣಿತದವರಲ್ಲಿ ಒಂದು ತಮಾಷೆ ಇದೆ. ಪಾಲ್ ಎರ್ಡೋಸ್ ಎಂಬ ಹಂಗೇರಿಯ ಮಹಾ ಗಣಿತಜ್ಞ ಇದ್ದ (1913–1996), ಮನೆಯಿಲ್ಲದೆ ಜಂಗಮನಂತೆ ಅಲೆದವನು. ಅವನ ಜೊತೆ ಪ್ರಬಂಧ ಬರೆದವನ ಸಂಖ್ಯೆ 1, ಅವನ ಜೊತೆ ಬರೆದವನದು 2, ಹೀಗೆ ಎಣಿಸುತ್ತ ಹೋಗುತ್ತಾರೆ. ಪಾಪ, ಎರ್ಡೋಸ್‌ನದೇನೂ ತಪ್ಪಿಲ್ಲ. ಆದರೆ ನಮ್ಮ ದೇಶದ ಸಂಸ್ಥೆಗಳಲ್ಲಿ ಈ ಎಣಿಕೆ ಗೋತ್ರ-ಪ್ರವರ ಕೇಳಿದಂತೆಯೇ ಕೇಳಿಸುತ್ತದೆ. ಯಾರ ಶಿಷ್ಯ? ಯಾರ ಪ್ರಶಿಷ್ಯ? ಕೇರಿಯಿಂದ ಅಲ್ಲಿಗೆ ಎಷ್ಟು ಗೆರೆ ದೂರ? ಗೆರೆ ಇದ್ದರಲ್ಲವೇ ದೂರ ಎಣಿಸುವುದು!

2022ರ ಮಾರ್ಚ್ 1ರಂದು ರಾಣೇಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಆ ಮನೆಯ ದುಃಖ ನಮ್ಮದೂ ಹೌದು. ಆದರೆ ಆ ಹುಡುಗನ ಹೆಣ ಊರಿಗೆ ಬರುವ ಮೊದಲೇ ಮೀಸಲಾತಿಯನ್ನು ಕಟಕಟೆಗೆ ಎಳೆದವರಿದ್ದರು. ಸೀಟಿಗೆ ಕೋಟಿ ಎಣಿಸುವ ಖಾಸಗಿ ಕಾಲೇಜುಗಳ ಮೇಲೆ ಅಷ್ಟು ದನಿ ಏಳಲಿಲ್ಲ. ಪ್ರತಿಭೆಯ ಮಾತು ಯಾವಾಗಲೂ ಕೇರಿಯ ಕಡೆಗೇ ಬೆರಳು ತೋರಿಸುತ್ತದೆ, ತಿಜೋರಿಯ ಕಡೆಗೆ ತೋರಿಸುವುದಿಲ್ಲ.

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ. ಹಣ ಮುಗಿಯಿತು, 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬಂದರು. ಮತ್ತೆ ಹಣ ಕೂಡಿಸಿ, ಶಾಹು ಮಹಾರಾಜರ ನೆರವು ಪಡೆದು 1920ರಲ್ಲಿ ಮರಳಿ ಹೋಗಿ, 1923ರಲ್ಲಿ ಡಿ.ಎಸ್‌ಸಿ. ಮುಗಿಸಿದರು. ಅರಸರ ಕಾಲದಲ್ಲಿ ಒಬ್ಬ ಅರಸನ ಮನಸ್ಸಿನ ಮೇಲೆ ನಿಂತಿದ್ದ ಮಾತು ಅದು. ಅವರೇ ಸಂವಿಧಾನ ಬರೆದುಕೊಟ್ಟ ಮೇಲಾದರೂ ಬದಲಾಯಿತೇ? 2025ರಲ್ಲಿ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 106 ಜನರನ್ನು ಆರಿಸಿ, ಹಣದ ಮಂಜೂರಾತಿ ಇಲ್ಲವೆಂದು ಮೊದಲಿಗೆ 40 ಜನರಿಗಷ್ಟೇ ಪತ್ರ ಕೊಟ್ಟರು. ಹೈದರಾಬಾದಿನಲ್ಲಿ ರೋಹಿತ್ ವೇಮುಲ 2016ರ ಜನವರಿ 17ರಂದು ಪ್ರಾಣ ಬಿಟ್ಟಾಗ ಅವನಿಗೆ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು. ವಿಜ್ಞಾನದ ಬಗ್ಗೆ ಬರೆಯಬೇಕೆಂದು ಕನಸಿದ್ದ ಹುಡುಗ. ಫೆಲೋಶಿಪ್ಪಿನ ಬಾಕಿ ಅಂದರೆ ಬರೀ ಕಾಗದದ ವಿಳಂಬ ಅಂತ ಯಾರಾದರೂ ನನ್ನೆದುರು ಹೇಳಿದರೆ ಸುಮ್ಮನೆ ಕೇಳುವವನಲ್ಲ ನಾನು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಕರ್ನಾಟಕ ವಿಶ್ವವಿದ್ಯಾಲಯದ ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರಕ್ಕೆ 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಎಂಬ ಬೋರ್ಡು ಹಾಕಿದರು. ಮುಖ್ಯಮಂತ್ರಿ ಇದೇ ಜಿಲ್ಲೆಯ ಶಿಗ್ಗಾಂವಿಯ ಶಾಸಕರು. ಚುನಾವಣೆ ಹತ್ತಿರ ಇತ್ತು. ಸರಕಾರ ಬದಲಾಯಿತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಬೀದರ ಬಿಟ್ಟು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಅದರಲ್ಲಿ ಹಾವೇರಿಯೂ ಒಂದು. ಒಬ್ಬರು ದುಡ್ಡು ಕೊಡದೆ ತೆರೆದರು, ಇನ್ನೊಬ್ಬರು ದುಡ್ಡಿಲ್ಲವೆಂದು ಮುಚ್ಚಲು ಹೊರಟರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ಎಂಬ ಮಹಾ ಕಂಪ್ಯೂಟರು ಬಂತು, ಬರಲಿ, ಬೇಡ ಅನ್ನುವವರು ಯಾರು? ಆದರೆ ಬಿಂದು-ಗೆರೆ ಬರೆಯುವುದಕ್ಕೂ ನಮ್ಮ ಮಕ್ಕಳು ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಬೇಕೇನು?

ಕಂಪ್ಯೂಟರು ನಮ್ಮ ಹಳ್ಳಿಗೆ ಬಂದಿಲ್ಲ ಅಂತಲ್ಲ. ಬಂದಿದೆ, ಮೇಸ್ತ್ರಿಯಾಗಿ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಕೂಲಿಯವಳ ಹಾಜರಿ ಮೊಬೈಲಿನಲ್ಲಿ ಹಿಡಿಯುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದಿದ್ದರೆ ಅವಳ ದಿನ ಹೋಯಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಟೆಂಡರು ಕಂಪ್ಯೂಟರಿನಲ್ಲಿ. 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರು ಎಪಿಎಂಸಿ ಕಚೇರಿಗೇ ನುಗ್ಗಿದರು, ಗಾಡಿಗಳು ಸುಟ್ಟವು. 2025ರ ಸೆಪ್ಟೆಂಬರಿನ ಜಾತಿ ಸಮೀಕ್ಷೆಯಲ್ಲಿ ಆ್ಯಪ್ ತೆರೆಯದೆ ಮಾಸ್ತರರು ಬೀದಿಯಲ್ಲಿ ನಿಂತದ್ದು ಅವರಿಗೇ ಗೊತ್ತು. ನಮ್ಮನ್ನು ಎಣಿಸುವವರು ಅವರು, ಎಣಿಸಿಕೊಳ್ಳುವವರು ನಾವು. ಯಾವ ಗೆರೆಯನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವ ಕೋಣೆಯಲ್ಲಿ ನಮ್ಮವರು ಒಬ್ಬರೂ ಇಲ್ಲದಿದ್ದರೆ, ನೀರಿನ ಗೆರೆ ಬಿಟ್ಟು ದುಡಿಮೆಯ ಗೆರೆಯನ್ನಷ್ಟೇ ಎಣಿಸಿ 'ಊರು ಒಂದಾಗಿದೆ' ಅಂತ ವರದಿ ಬರೆಯುತ್ತಾರೆ.

ನಮ್ಮ ಚಳವಳಿಗೂ ಎರಡು ಮಾತು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ, ದಲಿತರು ಇಂಗ್ಲಿಷ್ ಕಲಿಯಲಿ ಎಂದದ್ದಕ್ಕೆ ಮಂತ್ರಿಪದವಿ ಬಿಡಬೇಕಾಯಿತು. ನಾವು ಅವರ ಪರ ಬೀದಿಗಿಳಿದೆವು, ಏಟು ತಿಂದೆವು. ಆಮೇಲೆ ಏನು ಮಾಡಿದೆವು? ಬೂಸಾ ಎಂದ ಅದೇ ಸಾಹಿತ್ಯದಲ್ಲಿ ಪಾಲು ಕೇಳಿ ಪಡೆದೆವು. ಗಣಿತ, ಭೌತಶಾಸ್ತ್ರಗಳನ್ನು ಅವರಿಗೇ ಬಿಟ್ಟುಕೊಟ್ಟೆವು. ನಮ್ಮ ಹಾಸ್ಟೆಲುಗಳಲ್ಲಿ ಕವಿಗೋಷ್ಠಿ ನಡೆಯುತ್ತವೆ, ಒಂದು ಲೆಕ್ಕದ ಕಮ್ಮಟ ನಡೆಯುವುದಿಲ್ಲ. ಅಕಾಡೆಮಿಯ ಸದಸ್ಯತ್ವಕ್ಕೆ ಮಂತ್ರಿಯ ಮನೆ ಸುತ್ತುವ ನಮ್ಮ ಸಾಹಿತಿಗಳಲ್ಲಿ ಒಬ್ಬರಾದರೂ ಪೋಸ್ಟ್‌ಡಾಕ್ ಮೀಸಲಾತಿಯ ಬಗ್ಗೆ ಒಂದು ಮನವಿ ಬರೆದದ್ದನ್ನು ನಾನು ಕಂಡಿಲ್ಲ.

ದುಡ್ಡು ಎಲ್ಲಿಂದ ಅನ್ನುವವರಿಗೆ ಸರಳ ಗುಣಾಕಾರ. 2023ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ ದರದಲ್ಲಿ ಪಿಎಚ್.ಡಿ. ಮುಗಿಸಿದ ರಿಸರ್ಚ್ ಅಸೋಸಿಯೇಟ್‌ಗೆ ಮೊದಲ ಹಂತದಲ್ಲಿ ತಿಂಗಳಿಗೆ 58,000 ರೂಪಾಯಿ, ಮನೆಬಾಡಿಗೆ ಬೇರೆ. ವರ್ಷಕ್ಕೆ 6,96,000. ಒಂದು ಕೋಟಿಯಲ್ಲಿ 14 ಜನ ಒಂದು ವರ್ಷ ಕೂತು ಯೋಚನೆ ಮಾಡಬಹುದು. ಪರಿಶಿಷ್ಟರ ಉಪಯೋಜನೆಯ ಕಾಯಿದೆ ಕರ್ನಾಟಕದಲ್ಲಿ 2013ರಿಂದ ಇದೆ. ಅದರ ಹಣದಲ್ಲಿ 2023–24ರಲ್ಲಿ 11,000 ಕೋಟಿಗೂ ಮೇಲೆ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಅದರಲ್ಲಿ ಒಂದು ಕೋಟಿ ಕೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆ ಹಣದಿಂದ ಕೆರಿಮತ್ತಿಹಳ್ಳಿಯಲ್ಲಿ ಗ್ರಾಫ್ ಥಿಯರಿ ಮತ್ತು ಗಣನ ವಿಜ್ಞಾನಕ್ಕೊಂದು ಕೇಂದ್ರ ಆಗಲಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲಿ ವರ್ಷದಿಂದ ವರ್ಷಕ್ಕೆ ಅತಿಥಿಗಳಾಗಿಯೇ ನರೆಯುತ್ತಿರುವ ಡಾಕ್ಟರೇಟ್ ಆದ ಮಾಸ್ತರರಿಗೆ ಅಲ್ಲಿ ಮೊದಲ ಜಾಗ ಸಿಗಲಿ. ವಯಸ್ಸಿನ ಮಿತಿ ಅವರಿಗೆ ಬೇಡ. ಕೇಂದ್ರದ ರಾಷ್ಟ್ರೀಯ ಫೆಲೋಶಿಪ್ಪಿನಲ್ಲಿ ಮಿತಿ 35, ಪರಿಶಿಷ್ಟರಿಗೆ 5 ವರ್ಷ ಸಡಿಲ, ಅಷ್ಟರಲ್ಲಿ ನಮ್ಮವರ ಮನೆಯ ಸಾಲವೇ ತೀರಿರುವುದಿಲ್ಲ.

ಬೆಂಗಳೂರಿನ ಸಂಸ್ಥೆಗಳು ಪ್ರತಿ ವರ್ಷ ಪೋಸ್ಟ್‌ಡಾಕ್‌ಗೆ ಎಷ್ಟು ಅರ್ಜಿ ಬಂದವು, ಯಾವ ವರ್ಗದವರು ಎಷ್ಟು, ಆಯ್ಕೆಯಾದವರು ಎಷ್ಟು, ಯಾರು ಆರಿಸಿದರು ಎಂಬುದನ್ನು ಕನ್ನಡದಲ್ಲೂ ಪ್ರಕಟಿಸಲಿ. ತಾವಾಗಿ ಪ್ರಕಟಿಸುವುದಿಲ್ಲ, ನಾವು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಬೇಡ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಮೂರೂ ತಾಲೂಕಿನ ಗೆಳೆಯರು ಸಂಸ್ಥೆಗೊಂದರಂತೆ ಹಂಚಿಕೊಂಡು ಈ ತಿಂಗಳೇ ಹಾಕ್ರಿ. ಬಂದ ಉತ್ತರದ ಪ್ರತಿಯನ್ನು ಪತ್ರಿಕೆಗೆ ಕಳಿಸ್ರಿ. ಬಾರದಿದ್ದರೆ ಬರಲಿಲ್ಲವೆಂದು ಬರೆದು ಕಳಿಸ್ರಿ.